ಮಧ್ಯದಲ್ಲಿ ಬಂದ ಮುಕ್ತಾಯ

ಎಲ್ಲ ಶುರುವಾದದ್ದು ಎದುರುಗೋಡೆಗೆ ಅಂಟಿಸಿದ ಒಂದು ಪೋಸ್ಟರಿನಿಂದ. ಅಂಟು ಇನ್ನೂ ಒಣಗಿರಲಿಲ್ಲ. ಮೇಲ್ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಲೆಕ್ಕದ ಮೇಡಂ ಕೆಳಗಿನ ನಲ್ಲಿಯಲ್ಲಿ ಬಕೆಟ್ಟು ತುಂಬಿಸುತ್ತ ಅದನ್ನು ನೋಡಿ, "ಒಳ್ಳೇ ಸಿನಿಮಾ. ಕೊನೇಲಿ ಆ ದೋಣಿಯವನು ಮುಳುಗಿಹೋಗೋದು ನೋಡಿದ್ರೆ ಎಂಥವರಿಗೂ ಅಳು ಬರುತ್ತೆ" ಎಂದರು. ಇಂಥವರಿಗೆಂದು ಹೇಳಿದ ಮಾತಲ್ಲ. ಬಕೆಟ್ಟು ತುಂಬುವವರೆಗೆ ಸುಮ್ಮನೆ ನಿಲ್ಲಲಾರದೆ ಆಡಿದ ಮಾತು. ಆದರೆ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದ ಇಂಟರ್ವಲ್ ಅದನ್ನು ಕೇಳಿಸಿಕೊಂಡುಬಿಟ್ಟ.

ಇಂಟರ್ವಲ್ ಎಂಬುದು ಅವನ ಹೆತ್ತವರು ಇಟ್ಟ ಹೆಸರಲ್ಲ. ಸಿನಿಮಾದ ವಿಷಯಕ್ಕೆ ಬಾಯಿ ತೆರೆದರೆ ಎದುರಿನವರಿಗೆ ಉಸಿರಾಡಲೂ ಬಿಡುವು ಕೊಡದ ಮನುಷ್ಯನಿಗೆ ಊರಿನವರು ಬೇಕೆಂದೇ ಇಟ್ಟ ಅಡ್ಡಹೆಸರು. ದೊಡ್ಡರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು, ಗಾಜು ಕತ್ತರಿಸಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಕೆಲಸದಲ್ಲಿ ಗಟ್ಟಿಗ. ಆದರೆ ಗಿರಾಕಿ ಯಂತ್ರದ ಮೇಲೆ ಗದ್ದವಿಟ್ಟು ಒಂದು ಕಣ್ಣು ಮುಚ್ಚಿಕೊಂಡು ಕೂತನೆಂದರೆ ಮುಗಿಯಿತು, ಎದ್ದು ಓಡುವಂತಿಲ್ಲ. "ಮೇಲಿನ ಸಾಲು ಓದಿ" ಎಂದು ಶುರುವಾದದ್ದು ಮಹಾನಿರ್ದೇಶಕರ ಮೊದಲ ಚಿತ್ರಕ್ಕೆ ಬಂದು, ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು. ಒಬ್ಬ ಗಿರಾಕಿಯಂತೂ ಕೆಳಗಿನ ಸಾಲನ್ನು ಅಂದಾಜಿನ ಮೇಲೆ ಓದಿ, ತನಗೆ ಕಣ್ಣು ಚೆನ್ನಾಗಿಯೇ ಇದೆಯೆಂದು ಹೇಳಿ, ಗೋಡೆ ತಡಕಿಕೊಂಡು ಹೊರಗೆ ಹೋಗಿದ್ದ.

ಮಹಾನಿರ್ದೇಶಕರನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ, "ನಮ್ಮ ಗುರುಗಳು" ಎನ್ನುತ್ತಿದ್ದ. ತಮಗೆ ಇಂಥ ಶಿಷ್ಯನೊಬ್ಬನಿದ್ದಾನೆಂದು ಗುರುಗಳಿಗೆ ಗೊತ್ತಿರಲಿಲ್ಲ. ಅದು ಅವರ ಪುಣ್ಯ. ಅವರ ಮೊದಲ ಚಿತ್ರದಲ್ಲಿ ಕ್ಯಾಮೆರಾ ನಿಂತಲ್ಲಿಂದ ಕದಲುವುದೇ ಇಲ್ಲ. ಅದು ತಾಳ್ಮೆಯ ಪಾಠ. ಎರಡನೆಯದರಲ್ಲಿ ಅರ್ಧ ಸಿನಿಮಾದವರೆಗೆ ಯಾರೂ ಮಾತಾಡುವುದಿಲ್ಲ. ಅದು ಮೌನದ ಪಾಠ. ಈ ಎರಡನೆಯ ಪಾಠ ಶಿಷ್ಯನಿಗೆ ಯಾಕೆ ಹತ್ತಲಿಲ್ಲವೆಂದು ಅವನ ಹೆಂಡತಿ ಎಷ್ಟೋ ಸಲ ಕೇಳಿದ್ದಳು. ನಾಲ್ಕು ಮತ್ತು ಐದನೆಯ ಚಿತ್ರಗಳಲ್ಲಿ ಇದ್ದಕ್ಕಿದ್ದಂತೆ ಹಾಡು, ಕುಣಿತ, ಒಬ್ಬ ಹಾಸ್ಯಗಾರ. ಅವಕ್ಕೆ ದುಡ್ಡು ಹಾಕಿದವನು ಗುರುಗಳ ಭಾವಮೈದುನನಂತೆ. "ಭಾವಮೈದುನರಿಂದ ಯಾವ ದೊಡ್ಡ ಮನುಷ್ಯನಿಗೆ ತಾನೇ ತೊಂದ್ರೆ ತಪ್ಪಿದೆ" ಎಂದು ಇಂಟರ್ವಲ್ ಊಟದ ಹೊತ್ತಿಗೆ ಹೇಳುತ್ತಿದ್ದುದು ಎದುರಿಗೆ ಕೂತು ಉಣ್ಣುತ್ತಿದ್ದ ತನ್ನ ಸ್ವಂತ ಭಾವಮೈದುನನಿಗೆ ಕೇಳಿಸಲಿ ಎಂದೇ. ಎಂಟನೆಯ ಚಿತ್ರದಿಂದಾಚೆಗೆ ಗುರುಗಳು ಬೆಟ್ಟ ಇಳಿಯತೊಡಗಿದರು ಎಂಬುದು ಅವನ ಖಚಿತ ಅಭಿಪ್ರಾಯ. ಯಾಕೆಂದರೆ ಏಳನೆಯ ಚಿತ್ರದಲ್ಲಿ ಅವರು ತುದಿ ಮುಟ್ಟಿಬಿಟ್ಟಿದ್ದರು.

ಆ ಏಳನೆಯ ಚಿತ್ರದ ಮೇಲೆಯೇ ಅವನ ಸಿದ್ಧಾಂತವೆಲ್ಲ ನಿಂತಿದ್ದದ್ದು. ಮೂವತ್ತು ವರ್ಷದ ಹಿಂದೆ ಊರಿನ ಟಾಕೀಸಿನಲ್ಲಿ ಅದು ಓಡಿದಷ್ಟು ದಿನವೂ ಅವನು ಹೋಗಿ ಕೂತಿದ್ದ. ಕತೆಯಲ್ಲಿ ಒಬ್ಬ ದೋಣಿ ನಡೆಸುವವನು, ಅವನ ಹೆಂಡತಿ, ಒಂದು ಹೊಳೆ. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ದೋಣಿಯವನು ನೀರುಪಾಲಾಗುತ್ತಾನೆ, ಹೆಂಡತಿ ದಡದಲ್ಲಿ ನಿಂತು ಕಾಯುತ್ತಾಳೆ, ಪರದೆಯ ಮೇಲೆ 'ಮುಕ್ತಾಯ' ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಜನ ಎದ್ದು ಕತ್ತಲಲ್ಲಿ ಕಾಲಿನಿಂದ ಚಪ್ಪಲಿ ತಡಕುತ್ತಿರುವಾಗ ವಿರಾಮದ ಗಂಟೆ ಹೊಡೆಯುತ್ತದೆ. ವಾಪಸು ಬಂದು ಕೂತರೆ ಸತ್ತ ದೋಣಿಯವನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಅದೇ ಹೆಂಗಸಿನ ಹಿಂದೆ ಸುತ್ತುತ್ತಿರುತ್ತಾನೆ. ಮದುವೆಯಾಗುತ್ತದೆ. ಇಬ್ಬರೂ ದೋಣಿಯಲ್ಲಿ ಕೂತು ನಗುತ್ತಿರುವಾಗ, ಆ ನಗು ಅರ್ಧಕ್ಕಿರುವಾಗಲೇ ದೀಪ ಹತ್ತುತ್ತದೆ. "ಗುರುಗಳ ಪ್ರಕಾರ ಸಾವು ಅನ್ನೋದು ಕೊನೆಯಲ್ಲ, ಬರೀ ಇಂಟರ್ವಲ್" ಎಂದು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಪತ್ರಿಕೆಯೊಂದರಲ್ಲಿ ಯಾರೋ ಇದೇ ಚಿತ್ರವನ್ನು ದುಃಖಾಂತವೆಂದು ಬರೆದದ್ದನ್ನು ಓದಿ, ಪಾಪ, ಈ ವಿಮರ್ಶಕರು ಅರ್ಧಕ್ಕೇ ಎದ್ದು ಹೋಗಿದ್ದಾರೆಂದು ಮರುಗಿದ್ದ.

ಈಗ ಲೆಕ್ಕದ ಮೇಡಂ ಕೂಡ ಅದೇ ಮಾತು ಹೇಳುತ್ತಿದ್ದಾರೆ. ಇಂಟರ್ವಲ್ ಬಾಯಲ್ಲಿದ್ದ ನೊರೆಯನ್ನು ಉಗುಳಿ, ನೀವು ಬಹುಶಃ ಪೂರ್ತಿ ನೋಡಿಲ್ಲ ಎಂದ. ಮೇಡಂ ತಾವು ಬೇರೆ ಊರಿನಲ್ಲಿದ್ದಾಗ ಎರಡು ಸಲ ನೋಡಿದ್ದಾಗಿಯೂ, ಎರಡು ಸಲವೂ ಅವನು ಕೊನೆಯಲ್ಲೇ ಸತ್ತದ್ದಾಗಿಯೂ ಹೇಳಿದರು. ಇವನು ಇಲ್ಲವೆಂದ. ಬಕೆಟ್ಟು ತುಂಬಿ ಹರಿಯತೊಡಗಿತು. "ಮುಕ್ತಾಯ ಅಂತ ಮಧ್ಯದಲ್ಲಿ ಯಾರಾದ್ರೂ ಹಾಕ್ತಾರೇನ್ರೀ? ಮಕ್ಕಳಿಗೆ ಕೇಳಿದ್ರೂ ಹೇಳ್ತಾರೆ" ಎಂದರು ಮೇಡಂ. ಅಲ್ಲೇ ಇರುವುದು ಗುರುಗಳ ದೊಡ್ಡತನ ಎಂದು ಇವನು ಮೊದಲ ಚಿತ್ರದಿಂದ ಶುರುಮಾಡುವಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು.

ಕೆಮ್ಮಿದವನು ಭಾವಮೈದುನ, ಪಕ್ಕದ ಬೀದಿಯಲ್ಲಿ ಫ್ರಿಜ್ಜು ರಿಪೇರಿ ಮಾಡುತ್ತಿದ್ದವನು. ಬೆಳಗಿನ ತಿಂಡಿಗೂ ರಾತ್ರಿಯ ಊಟಕ್ಕೂ ಅಕ್ಕನ ಮನೆ. ಗುರುಗಳ ಒಂದು ಚಿತ್ರವನ್ನೂ ಅವನು ನೋಡಿದವನಲ್ಲ, ಸಿನಿಮಾ ಎಂದರೆ ಹೊಡೆದಾಟ ಇರಬೇಕು ಎನ್ನುವ ಪೈಕಿ. ಆದರೂ ಹನ್ನೊಂದು ಚಿತ್ರಗಳ ಕತೆ ಅವನಿಗೆ ಬಾಯಿಪಾಠವಾಗಿತ್ತು. ಮದುವೆಯಾಗಿ ಅಕ್ಕ ಈ ಮನೆಗೆ ಬಂದಂದಿನಿಂದ ಅನ್ನದ ಜೊತೆ ಅದನ್ನೂ ಉಂಡಿದ್ದ. ಇಂಥ ಅವಕಾಶಕ್ಕೆ ಅವನು ಎಷ್ಟು ವರ್ಷದಿಂದ ಕಾದಿದ್ದನೋ, ಪೋಸ್ಟರನ್ನೊಮ್ಮೆ ನೋಡಿ, ಅಂದೇ ಸಂಜೆಯ ಆಟವೆಂಬುದನ್ನು ಓದಿಕೊಂಡು, ನಿಧಾನವಾಗಿ ಹೇಳಿದ:

"ಭಾವ, ಬಾಜಿ ಕಟ್ಟೋಣ. ಮುಕ್ತಾಯ ಅನ್ನೋದು ಮಧ್ಯದಲ್ಲಿ ಬಂದ್ರೆ ನಿಮ್ಮ ಗುರುಗಳ ಫೋಟೋ ನನ್ನಂಗಡೀಲಿ ಹಾಕಿ ದಿನಾ ಕೈ ಮುಗೀತೀನಿ. ಕೊನೇಲಿ ಬಂದ್ರೆ, ನೀವು ಇನ್ನು ಬದುಕಿರೋವರೆಗೂ ಅವರ ವಿಷಯಕ್ಕೆ ಬಾಯಿ ಬಿಡಬಾರದು. ಒಂದಕ್ಷರ ಕೂಡ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಇಂಟರ್ವಲ್ ಹಿಂದುಮುಂದು ನೋಡದೆ ಆಗಲಿ ಎಂದುಬಿಟ್ಟ. ಒಳಗಿನಿಂದ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. ಬೈಯುತ್ತಾಳೇನೋ ಎಂದುಕೊಂಡರೆ, ತಾನೂ ಸಾಕ್ಷಿ, ಮೇಲ್ಮನೆ ಮೇಡಮ್ಮೂ ಸಾಕ್ಷಿ, ಆಮೇಲೆ ಯಾರೂ ಮಾತು ತಪ್ಪುವಂತಿಲ್ಲ ಎಂದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ಇಂಟರ್ವಲ್ ಬಹಳ ದಿನಗಳಿಂದ ನೋಡಿರಲಿಲ್ಲ. ಅದು ತನ್ನ ಗೆಲುವಿನ ಮೇಲಿನ ನಂಬಿಕೆಯೆಂದು ತಿಳಿದು ಅವನಿಗೆ ಸಂತೋಷವಾಯಿತು.

ಅಂಗಡಿಗೆ ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಹೋಗಿತ್ತು. ಅಲ್ಲಿ ವಿಚಿತ್ರವೊಂದು ನಡೆಯಿತು. ಅಂಗಡಿಯ ಯಜಮಾನರು ಈ ಊರಿನಲ್ಲೇ ಹುಟ್ಟಿ ಬೆಳೆದವರು, ಮುಕ್ತಾಯ ಮಧ್ಯದಲ್ಲೇ ಬಂತೆಂದೂ ಆಗ ತಮ್ಮ ಒಂದು ಚಪ್ಪಲಿ ಕಳೆದುಹೋಯಿತೆಂದೂ ಆಣೆ ಮಾಡಿದರು. ಎದುರಂಗಡಿಯ ದರ್ಜಿಯೂ ಅದನ್ನೇ ಹೇಳಿದ. ಆದರೆ ಫ್ರೇಮು ಸರಿಮಾಡಿಸಲು ಬಂದಿದ್ದ ಬ್ಯಾಂಕಿನವರು ವರ್ಗವಾಗಿ ಬಂದವರು, ದೋಣಿಯವನು ಕೊನೆಯಲ್ಲಿ ಸತ್ತದ್ದಕ್ಕೆ ತಾವು ಕರ್ಚೀಫು ಒದ್ದೆ ಮಾಡಿಕೊಂಡದ್ದು ಸುಳ್ಳೇ ಎಂದು ಕೇಳಿದರು. ಮಧ್ಯಾಹ್ನವಾಗುವ ಹೊತ್ತಿಗೆ ಊರು ಎರಡು ಪಕ್ಷವಾಗಿತ್ತು. ಇಲ್ಲಿ ನೋಡಿದವರೆಲ್ಲ ಒಂದು ಕಡೆ, ಹೊರಗೆ ನೋಡಿ ಬಂದವರೆಲ್ಲ ಇನ್ನೊಂದು ಕಡೆ. ಮೂರು ತಲೆಮಾರಿನಿಂದ ಇಲ್ಲಿರುವವರಿಗೆ ನಿನ್ನೆ ಮೊನ್ನೆ ಬಂದವರು ಬುದ್ಧಿ ಹೇಳುವುದೇ ಎಂದು ದರ್ಜಿ ಕತ್ತರಿ ಹಿಡಿದೇ ಕೇಳಿದ. ಬ್ಯಾಂಕಿನವರು ಫ್ರೇಮು ಬಿಟ್ಟು ಹೊರಟುಹೋದರು.

ಗಿರಾಕಿಗಳು ಹೊಡೆದಾಡಿಕೊಂಡರೆ ಗಾಜಿನಂಗಡಿಯ ಗತಿ ಏನು? ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಅಂದು ಸಿನಿಮಾ ತೋರಿಸಿದ ಆಪರೇಟರ್ ಅಜ್ಜ ಇನ್ನೂ ಇದ್ದಾನೆ. ಹಳೆಯ ಯಂತ್ರ ಅವನ ಕೈಗಲ್ಲದೆ ಬೇರೆಯವರಿಗೆ ಬಗ್ಗುವುದಿಲ್ಲವೆಂದು, ಗುರುಗಳ ಚಿತ್ರಗಳನ್ನು ಮತ್ತೆ ಹಾಕುವ ಈ ವಾರಕ್ಕೆ ಅವನನ್ನೇ ಟಾಕೀಸಿನವರು ಕರೆಸಿದ್ದಾರೆ. "ಹೋಗಿ ಅವನ ಬಾಯಿಂದಲೇ ಹೇಳಿಸಿಕೊಂಡು ಬಾರಯ್ಯ. ಈ ಹೊರಗಿನವರ ಬಾಯಿ ಮುಚ್ಚಿಸೋಣ" ಎಂದರು.

ಇಂಟರ್ವಲ್ ಎದೆಯುಬ್ಬಿಸಿಕೊಂಡು ಟಾಕೀಸಿನ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿದ. ಯಂತ್ರದ ಕೋಣೆಯಲ್ಲಿ ಅಜ್ಜ ಸುತ್ತಲೂ ರೀಲಿನ ಡಬ್ಬಗಳನ್ನು ಹರಡಿಕೊಂಡು, ಒಂದೊಂದನ್ನೂ ಎತ್ತಿ ಅಲ್ಲಾಡಿಸಿ, ಮುಚ್ಚಳದ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ಇಂಟರ್ವಲ್ ವಿಷಯವನ್ನೆಲ್ಲ ಹೇಳಿ, ಮುಕ್ತಾಯ ಮಧ್ಯದಲ್ಲಿ ಬಂತೋ ಇಲ್ಲವೋ ಎಂದು ಕೇಳಿದ.

"ಬಂತು" ಎಂದ ಅಜ್ಜ.

ಇಂಟರ್ವಲ್‌ಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಅಜ್ಜನ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲವಾದ್ದರಿಂದ ತಾನೂ ಹೇಳಿರಲಿಲ್ಲ ಎಂದು ಶುರುಮಾಡಿದ. ಆಗಲೇ ಅವನಿಗೆ ನಲವತ್ತು ದಾಟಿತ್ತು. ದೂರದ ಪರದೆ ಚೆನ್ನಾಗಿ ಕಾಣುತ್ತಿತ್ತು, ಕೈಯಲ್ಲಿದ್ದ ಡಬ್ಬದ ಮೇಲಿನ ನಂಬರು ಮಾತ್ರ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿದ ಆಪರೇಟರನನ್ನು ಯಾರು ಇಟ್ಟುಕೊಳ್ಳುತ್ತಾರೆಂದು ಹೆದರಿ ಅದನ್ನು ಮುಚ್ಚಿಟ್ಟಿದ್ದ. ಬೇರೆ ಚಿತ್ರಗಳಲ್ಲಿ ಹೇಗೋ ನಡೆಯಿತು. ಏಳನೆಯ ಚಿತ್ರ ಬಂದ ದಿನ ಡಬ್ಬಗಳು ಕೈಜಾರಿ ಬಿದ್ದು ಒಂದಕ್ಕೊಂದು ಬೆರೆತುಹೋದವು. ಹೊರಗೆ ಜನ ಶಿಳ್ಳೆ ಹೊಡೆಯುತ್ತಿದ್ದರು. ಕೈಗೆ ಬಂದದ್ದನ್ನು ಕೈಗೆ ಬಂದಂತೆ ಹಾಕಿದ.

"ಮುಕ್ತಾಯ ಅಂತ ಮಧ್ಯದಲ್ಲಿ ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು ತಮ್ಮಾ. ಆಟ ಮುಗಿದ ಮೇಲೆ ಜನ ಮೇಲೆ ಬಂದು ಹೊಡೀತಾರೆ ಅಂತ ಬಾಗಿಲು ಹಾಕಿಕೊಂಡು ಕೂತೆ. ನೋಡಿದ್ರೆ ಚಪ್ಪಾಳೆ. ಯಾರೋ ಒಬ್ಬ ಹುಡುಗ ಎದ್ದು ನಿಂತು ಚಪ್ಪಾಳೆ ಶುರುಮಾಡಿದ, ಅವನನ್ನ ನೋಡಿ ಎಲ್ಲರೂ ಹೊಡೆದ್ರು. ಜನ ಚಪ್ಪಾಳೆ ಹೊಡೆದದ್ದನ್ನ ಸರಿಮಾಡೋಕೆ ನಾನ್ಯಾರು? ಡಬ್ಬಗಳನ್ನ ಅದೇ ಸಾಲಿನಲ್ಲಿ ಜೋಡಿಸಿಟ್ಟು, ಓಡಿದಷ್ಟು ದಿನವೂ ಹಾಗೇ ಓಡಿಸಿದೆ."

ಆ ಹುಡುಗ ಯಾರೆಂದು ಇಂಟರ್ವಲ್ ಹೇಳಲಿಲ್ಲ. ಹತ್ತಿರದಲ್ಲಿದ್ದ ಡಬ್ಬವೊಂದರ ಮೇಲೆ ಕುಸಿದು ಕೂತ. ಮೂವತ್ತು ವರ್ಷ ಗುರುಗಳದೆಂದು ಹೊತ್ತು ತಿರುಗಿದ ಆ ಮಹಾ ದರ್ಶನ ಚಾಳೀಸಿನ ಕಣ್ಣಿನದಾಗಿತ್ತು. ಅವನಿಗೆ ನಿಜಕ್ಕೂ ದುಃಖವಾಯಿತು. ಆ ದುಃಖದ ಹಿಂದೆಯೇ ಭಯವೂ ಬಂತು. ಸಂಜೆ ಮುಕ್ತಾಯ ಕೊನೆಯಲ್ಲಿ ಬಂದರೆ ಅವನ ಬಾಯಿಗೆ ಜೀವಮಾನವಿಡೀ ಬೀಗ. ಬೆಳಗ್ಗೆ ಏಳುವುದು, ಗಾಜು ಕತ್ತರಿಸುವುದು, ಊಟ ಮಾಡುವುದು, ಮಲಗುವುದು, ಗುರುಗಳ ಮಾತಿಲ್ಲದೆ ಇದನ್ನೆಲ್ಲ ಯಾಕೆ ಮಾಡಬೇಕು ಎಂಬುದೇ ಅವನಿಗೆ ತಿಳಿಯಲಿಲ್ಲ.

ಎದ್ದು ಅಜ್ಜನ ಕೈ ಹಿಡಿದುಕೊಂಡ. ಇವತ್ತೊಂದು ದಿನ, ಇದೊಂದು ಆಟ, ಅಂದಿನ ಹಾಗೆಯೇ ಹಾಕಿಬಿಡು, ನನ್ನ ಮಾನ ಉಳಿಸು ಎಂದು ಬೇಡಿಕೊಂಡ. ತಪ್ಪಾದರೂ ಎಂಥ ತಪ್ಪು ಅಜ್ಜ, ಊರಿಗೆ ಊರೇ ಮೂವತ್ತು ವರ್ಷ ನೆನಪಿಟ್ಟುಕೊಂಡ ತಪ್ಪು ಎಂದೂ ಸೇರಿಸಿದ. ಅಜ್ಜನ ಮನಸ್ಸೇನೋ ಕರಗಿತು. ಆದರೆ ಒಂದು ತೊಡಕಿತ್ತು.

"ಅದು ಕಾಣದೇ ಮಾಡಿದ ತಪ್ಪು ತಮ್ಮಾ. ಈಗಲೂ ಕಾಣದೇ ಮಾಡಿದ್ರೆ ಬೇರೆ ತಪ್ಪೇ ಆಗುತ್ತೆ. ಅದೇ ತಪ್ಪು ಬೇಕು ಅಂದ್ರೆ ನಂಬರು ಕಾಣಬೇಕು."

ಮಾತು ಸರಿಯಾಗಿತ್ತು. ಕೈಗೆ ಬಂದಂತೆ ಹಾಕಿದರೆ ಮದುವೆಯೇ ಮೊದಲು ಬಂದು ಹೆಣ್ಣು ನೋಡುವುದು ಕೊನೆಗೆ ಬಂದರೂ ಬಂತು. ಇಂಟರ್ವಲ್ ಅಜ್ಜನನ್ನು ಮೆಟ್ಟಿಲು ಇಳಿಸಿ ನೇರ ಅಂಗಡಿಗೆ ನಡೆಸಿಕೊಂಡು ಹೋದ. ಅಜ್ಜ ನಮ್ಮ ಕಡೆಯ ಸಾಕ್ಷಿ, ಸಾಕ್ಷಿಗೆ ಕಣ್ಣು ಚೆನ್ನಾಗಿರಬೇಕಲ್ಲ ಎಂದು ಯಜಮಾನರಿಗೆ ಹೇಳಿ, ಕನ್ನಡಕದ ಬೆಲೆಯನ್ನು ತನ್ನ ಸಂಬಳದಲ್ಲಿ ಹಿಡಿದುಕೊಳ್ಳಲು ಒಪ್ಪಿದ. ಅಷ್ಟು ಶ್ರದ್ಧೆಯಿಂದ ಅವನು ಯಾರ ಕಣ್ಣನ್ನೂ ಪರೀಕ್ಷೆ ಮಾಡಿರಲಿಲ್ಲ. ಆ ಹೊತ್ತು ಗುರುಗಳ ಒಂದು ಚಿತ್ರದ ಹೆಸರನ್ನೂ ಎತ್ತಲಿಲ್ಲ. ಗಾಜನ್ನು ತಾನೇ ಕತ್ತರಿಸಿ, ಅಂಚು ನುಣುಪಾಗಿ ಉಜ್ಜಿ, ಫ್ರೇಮಿಗೆ ಕೂರಿಸಿ, ಅಜ್ಜನ ಕಿವಿಗೆ ನೋಯದಂತೆ ಕಡ್ಡಿ ಬಗ್ಗಿಸಿ ಹಾಕಿದ.

ಅಜ್ಜ ಮೊದಲು ತನ್ನ ಅಂಗೈ ನೋಡಿಕೊಂಡ. ಆಮೇಲೆ ಮೇಜಿನ ಮೇಲಿದ್ದ ಪತ್ರಿಕೆ, ಗೋಡೆಯ ಕ್ಯಾಲೆಂಡರು, ಯಜಮಾನರ ಅಂಗಿಯ ಗುಂಡಿ. ಎಲ್ಲವನ್ನೂ ಹತ್ತಿರ ಹಿಡಿದು ಹಿಡಿದು ನೋಡಿ, ಇಷ್ಟೊಂದು ಇತ್ತೇ ಎಂದ. ಇಂಟರ್ವಲ್ ಟಾಕೀಸಿನವರೆಗೂ ಜೊತೆಗೆ ಹೋಗಿ, ಅಂದು ಕಂಡ ಕತೆಯ ಲೆಕ್ಕದಲ್ಲಿ ಯಾವ ನಂಬರಿನ ಹಿಂದೆ ಯಾವ ನಂಬರು ಎಂಬುದನ್ನು ಅಜ್ಜನಿಂದ ಒಪ್ಪಿಸಿಕೊಂಡು, ಹಗುರಾದ ಮನಸ್ಸಿನಿಂದ ಮನೆಗೆ ಬಂದ.

ಸಂಜೆಯ ಆಟಕ್ಕೆ ಟಾಕೀಸು ತುಂಬಿತ್ತು. ಇಷ್ಟು ಜನ ಇತ್ತೀಚೆಗೆ ಅಲ್ಲಿಗೆ ಬಂದದ್ದೇ ಇಲ್ಲ. ಬಲಗಡೆ ಊರಿನವರು, ಎಡಗಡೆ ಹೊರಗಿನಿಂದ ಬಂದವರು, ನಡುವೆ ಓಡಾಡುವ ದಾರಿ. ಇಂಟರ್ವಲ್‌ನ ಒಂದು ಪಕ್ಕದಲ್ಲಿ ಹೆಂಡತಿ, ಇನ್ನೊಂದು ಪಕ್ಕದಲ್ಲಿ ಭಾವಮೈದುನ. ಭಾವನ ಮುಖದಲ್ಲಿದ್ದ ನಗುವನ್ನು ನೋಡಿ ಭಾವಮೈದುನನಿಗೇ ಒಂದು ಕ್ಷಣ ಅಳುಕಾಯಿತು. ಗುರುಗಳ ಯಾವ ಅಳತೆಯ ಫೋಟೋ ತರಲಿ ಎಂದು ಮೆಲ್ಲಗೆ ಕೇಳಿದ. ಗೋಡೆ ತುಂಬುವಷ್ಟು ದೊಡ್ಡದು ಎಂದ ಇಂಟರ್ವಲ್.

ದೀಪ ಆರಿತು. ಹೆಸರುಗಳು ಬಂದವು, ಹೊಳೆ ಬಂತು, ದೋಣಿ ಬಂತು. ಆಮೇಲೆ ದೋಣಿಯವನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದ.

ಇಂಟರ್ವಲ್ ಬೆನ್ನು ನೆಟ್ಟಗೆ ಮಾಡಿದ. ಇದು ಈಗ ಬರುವಂಥದ್ದಲ್ಲ. ಅಜ್ಜ ಒಂದು ಡಬ್ಬ ಹಿಂದುಮುಂದು ಮಾಡಿರಬೇಕು, ಮುಂದಿನದರಲ್ಲಿ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ಮುಂದಿನದರಲ್ಲಿ ಮದುವೆಯಾಯಿತು. ಬಲಗಡೆಯಿಂದ ಗುಜುಗುಜು ಎದ್ದಿತು. ರೀಲು ತಪ್ಪಿದೆ ಎಂದು ಒಬ್ಬರು ಕೂಗಿದರು, ದುಡ್ಡು ವಾಪಸು ಕೊಡಿ ಎಂದು ಇನ್ನೊಬ್ಬರು. ಎಡಗಡೆಯವರು ಸುಮ್ಮನೆ ಕೂತು ನೋಡಿ ಎಂದು ಗದರಿಸಿದರು. ಪರದೆಯ ಮೇಲೆ ಗಂಡ ಹೆಂಡತಿ ದೋಣಿಯಲ್ಲಿ ಕೂತು ನಗತೊಡಗಿದರು. ಆ ನಗು ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ, ಪೂರ್ತಿಯಾಯಿತು, ಅದಾದ ಮೇಲೆ ದೀಪ ಹತ್ತಿತು. ಮುಕ್ತಾಯದ ಸುಳಿವೇ ಇರಲಿಲ್ಲ. ಹೆಂಡತಿ ತನ್ನ ತಮ್ಮನ ಕಡೆ ನೋಡಿ ಕಣ್ಣಲ್ಲೇ ನಕ್ಕದ್ದು ಇಂಟರ್ವಲ್‌ಗೆ ಕಾಣಿಸಿತು. ಬೆಳಗಿನ ಆ ಕಳೆ ಯಾಕೆಂಬುದು ಈಗ ಅವನಿಗೆ ಅರ್ಥವಾಯಿತು.

ಅವನು ಮೆಟ್ಟಿಲು ಹತ್ತಿ ಓಡಿದ. ಯಂತ್ರದ ಕೋಣೆಯಲ್ಲಿ ಡಬ್ಬಗಳೆಲ್ಲ ಒಂದರ ಮೇಲೊಂದು ಅಚ್ಚುಕಟ್ಟಾಗಿ ನಿಂತಿದ್ದವು. ಅಜ್ಜ ಕನ್ನಡಕ ಹಾಕಿಕೊಂಡು ಮುಂದಿನ ರೀಲಿನ ನಂಬರನ್ನು ಪ್ರೀತಿಯಿಂದ ಓದುತ್ತಿದ್ದ. ಹೀಗೇಕೆ ಮಾಡಿದೆ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದ.

"ಕಣ್ಣು ಕಾಣದಾಗ ಮಾಡಿದ್ದು ಮಾಡಿಬಿಟ್ಟೆ. ಈಗ ಒಂದು, ಎರಡು, ಮೂರು ಅಂತ ಎದುರಿಗೇ ಕಾಣ್ತಾ ಇದೆ ತಮ್ಮಾ. ತಪ್ಪು ಹಾಕೋಕೆ ಎಷ್ಟು ಸಲ ಹೋದ್ರೂ ಕೈಯೇ ಬರಲಿಲ್ಲ. ಅಷ್ಟು ಒಳ್ಳೇ ಕನ್ನಡಕ ಮಾಡಿಕೊಟ್ಟಿದ್ದೀಯ ನೀನು."

ಮಾಡಿದ್ದುಣ್ಣೋ ಮಹಾರಾಯ ಎಂಬುದು ಇದಕ್ಕೇ ಇರಬೇಕು. ಆ ಹೊತ್ತಿಗೆ ಕಬ್ಬಿಣದ ಮೆಟ್ಟಿಲು ದಡದಡ ಸದ್ದು ಮಾಡಿತು. ಯಜಮಾನರು ಮುಂದೆ, ದರ್ಜಿ ಮತ್ತು ಊರಿನವರು ಹಿಂದೆ. ಅಂದು ಸರಿಯಾಗಿ ತೋರಿಸಿದವನು ಇಂದು ಯಾಕೆ ತಲೆಕೆಳಗು ಮಾಡಿದೆ ಎಂದು ಅಜ್ಜನನ್ನು ತರಾಟೆಗೆ ತೆಗೆದುಕೊಂಡರು. ಅಜ್ಜ ಡಬ್ಬಗಳ ನಂಬರು ತೋರಿಸಿದ. ಯಾರೂ ನೋಡಲಿಲ್ಲ. ಇಷ್ಟು ವರ್ಷ ಕನ್ನಡಕವಿಲ್ಲದೆ ಸರಿಯಾಗಿಯೇ ಇದ್ದವನು ಕನ್ನಡಕ ಹಾಕಿದ ದಿನವೇ ಕೆಟ್ಟನೆಂದ ಮೇಲೆ ತಪ್ಪು ಯಾರದೆಂದು ದರ್ಜಿ ಕೇಳಿದ. ಎಲ್ಲರೂ ಇಂಟರ್ವಲ್‌ನ ಕಡೆ ತಿರುಗಿದರು.

"ಏನು ಪವರು ಕೊಟ್ಟಿದ್ದೀಯೋ ನೀನು? ಮುದುಕನಿಗೆ ಒಂದು ಹತ್ತಾಗಿ ಕಾಣ್ತಾ ಇದೆ. ನನ್ನಂಗಡಿ ಹೆಸರು ಹಾಳುಮಾಡಿದೆಯಲ್ಲೋ" ಎಂದರು ಯಜಮಾನರು.

ಪವರು ಸರಿಯಾಗಿದೆ ಎಂದರೆ ರೀಲೂ ಸರಿಯಾಗಿದೆ ಎಂದು ಒಪ್ಪಿಕೊಂಡಂತೆ, ಬಾಜಿ ಸೋತಂತೆ. ಪವರು ತಪ್ಪಿದೆ ಎಂದರೆ ನಾಳೆಯಿಂದ ಅಂಗಡಿಗೆ ಬರಬೇಡ ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಜ್ಜ ಎಲ್ಲರನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡ. ಅದರಲ್ಲಿ ಅವನಿಗೆ ಹಳೆಯ ಅನುಭವವಿತ್ತು.

ಇನ್ನರ್ಧ ಶುರುವಾಯಿತು. ಹೊಳೆ ಉಕ್ಕಿತು. ಆಚೆ ದಡದಲ್ಲಿ ಯಾರೋ ಕೂಗಿದ್ದು ಕೇಳಿ ದೋಣಿಯವನು ಹೊರಟ. ಹೆಂಡತಿ ಬೇಡವೆಂದಳು, ಅವನು ನಕ್ಕ. ಆ ನಗು ಎಲ್ಲರಿಗೂ ಈಗ ಪರಿಚಯವಾಗಿತ್ತು. ಅವನು ಹೆಣ್ಣಿನ ಹಿಂದೆ ಸುತ್ತಿದ್ದು, ಮದುವೆಯಲ್ಲಿ ತಡವರಿಸಿದ್ದು, ದೋಣಿಯಲ್ಲಿ ಅವಳನ್ನು ಹೆದರಿಸಿದ್ದು ಎಲ್ಲ ಆಗಲೇ ನೋಡಿಯಾಗಿತ್ತು. ದೋಣಿ ಒಂದೇ ತೇಲಿಕೊಂಡು ಬಂದು ದಡಕ್ಕೆ ತಾಗಿತು. ಅವಳು ಇಳಿದು ಹೋಗಿ, ಅವನು ದಿನವೂ ಕಟ್ಟುತ್ತಿದ್ದ ಗೂಟಕ್ಕೇ ಅದನ್ನು ಕಟ್ಟಿ, ಅಲ್ಲೇ ನಿಂತು ಕಾಯತೊಡಗಿದಳು. ಬಲಗಡೆಯಿಂದಲೂ ಒಂದು ಸದ್ದಿಲ್ಲ. ಇಂಟರ್ವಲ್‌ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮೂವತ್ತು ವರ್ಷದ ಹಿಂದೆ ಗುರುತೇ ಇಲ್ಲದವನೊಬ್ಬ ಸತ್ತಾಗ ಅವನು ಅದಕ್ಕೆ ಅರ್ಥ ಹುಡುಕಿದ್ದ, ಅಳು ಬಂದಿರಲಿಲ್ಲ. ಗುರುಗಳು ತಾನು ಹೇಳಿದ್ದಕ್ಕಿಂತ ಎಷ್ಟೋ ದೊಡ್ಡವರು, ತಾನು ಹೇಳಿದ್ದೆಲ್ಲ ಬುಡದಿಂದ ತಪ್ಪು ಎಂಬುದು ಅವನಿಗೆ ಆ ಕತ್ತಲಲ್ಲಿ ಮನದಟ್ಟಾಯಿತು. ಆ ಗೂಟದ ಬಗ್ಗೆಯೇ ಒಂದು ಗಂಟೆ ಮಾತಾಡಬಹುದಿತ್ತು. ಮೊದಲ ಚಿತ್ರದ ಕದಲದ ಕ್ಯಾಮೆರಾ, ಎರಡನೆಯದರ ಮೌನ, ಎಲ್ಲಕ್ಕೂ ಹೊಸ ಅರ್ಥ ಹೊಳೆಯತೊಡಗಿತು. ಹನ್ನೊಂದು ಚಿತ್ರಗಳನ್ನೂ ಬುಡದಿಂದ ಮತ್ತೆ ಹೇಳಬೇಕು, ನಾಳೆಯೇ ಶುರುಮಾಡಬೇಕು ಎಂದು ಅವನು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ, ಬರಬೇಕಾದ ಜಾಗದಲ್ಲಿ, 'ಮುಕ್ತಾಯ' ಎಂದು ಬಂತು.

ದೀಪ ಹತ್ತಿದಾಗ ಅವನು ಭಾವಮೈದುನನ ಕಡೆ ತಿರುಗಿದ. ಗೆದ್ದವನು ಕುಣಿಯುತ್ತಾನೆ, ಮೂದಲಿಸುತ್ತಾನೆ ಎಂದುಕೊಂಡಿದ್ದರೆ, ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ ಖಾಲಿ ಪರದೆಯನ್ನೇ ನೋಡುತ್ತಿದ್ದ. ಫ್ರಿಜ್ಜು ರಿಪೇರಿಯವನು ಅತ್ತದ್ದನ್ನು ಅವನ ಅಕ್ಕ ಕೂಡ ನೋಡಿರಲಿಲ್ಲ. ಏನು ಸಿನಿಮಾ ಭಾವ ಎಂದ. ಇಂಟರ್ವಲ್‌ಗೆ ಮನಸ್ಸು ತುಂಬಿಬಂತು. ಇಷ್ಟು ವರ್ಷದ ಮೇಲೆ ಮನೆಯಲ್ಲಿ ಗುರುಗಳಿಗೆ ಎರಡನೆಯ ಶಿಷ್ಯ ಸಿಕ್ಕಿದ್ದ. ಬಾಜಿಯ ಮಾತನ್ನು ಅವನೇ ಬಿಟ್ಟುಬಿಡಬಹುದೆಂಬ ಆಸೆಯೂ ಹುಟ್ಟಿತು. ಹೇಗೆ ಶುರುಮಾಡಲಿ ಎಂದು ಗಂಟಲು ಸರಿಮಾಡಿಕೊಂಡ.

"ಬೇಡ ಭಾವ. ಮಾತು ಅಂದ್ರೆ ಮಾತು. ನೀವು ಬಾಯಿ ಬಿಡೋ ಹಾಗಿಲ್ಲ" ಎಂದು ಭಾವಮೈದುನ ಕೈ ಅಡ್ಡ ಹಿಡಿದ. "ನಾನು ಹೇಳ್ತೀನಿ, ಕೇಳಿ. ಆ ದೋಣಿಯವನು ಸತ್ತಿಲ್ಲ. ಹೆಣ ತೋರಿಸಿದ್ರಾ? ಇಲ್ಲ. ಯಾಕೆ ತೋರಿಸ್ಲಿಲ್ಲ? ಅವನು ಈಜಿ ಆಚೆ ದಡಕ್ಕೆ ಹೋಗಿದ್ದಾನೆ. ಅಲ್ಲಿ ಅವನಿಗೆ ಇನ್ನೊಂದು ಸಂಸಾರ ಇದೆ. ಕೂಗಿದ್ದು ಆ ಹೆಂಡತೀನೇ. ಎಂಟನೇ ಸಿನಿಮಾದಲ್ಲಿ ಅವನು ವಾಪಸ್ ಬಂದು ಹೊಡೆದಾಡ್ತಾನೆ, ಬೇಕಾದ್ರೆ ನೋಡಿ."

ಇಂಟರ್ವಲ್‌ಗೆ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. ಎಂಟನೆಯ ಚಿತ್ರದಲ್ಲಿ ದೋಣಿಯೂ ಇಲ್ಲ, ಹೊಳೆಯೂ ಇಲ್ಲ, ಒಬ್ಬ ಮುದುಕಿ ಒಂದು ಕೋಣೆಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಾಳೆ. ಅದನ್ನು ಹೇಳುವಂತಿರಲಿಲ್ಲ. ಪಕ್ಕದಿಂದ ಹೆಂಡತಿಯೂ ಎಡಗಡೆಯ ಸಾಲಿನಿಂದ ಮೇಡಮ್ಮೂ ಅವನ ಬಾಯಿಯನ್ನೇ ನೋಡುತ್ತಿದ್ದರು.

ಮನೆಯ ದಾರಿಯುದ್ದಕ್ಕೂ ಭಾವಮೈದುನ ನಿಲ್ಲಿಸಲಿಲ್ಲ. ಗುರುಗಳು ಮೊದಲು ಫ್ರಿಜ್ಜಿನ ಕೆಲಸ ಮಾಡುತ್ತಿದ್ದಿರಬೇಕು, ಇಲ್ಲದಿದ್ದರೆ ನೀರಿನ ತಣ್ಣನೆಯನ್ನು ಅಷ್ಟು ಚೆನ್ನಾಗಿ ತೋರಿಸುವುದು ಸಾಧ್ಯವಿಲ್ಲ ಎಂದ. ಅವರ ಒಳ್ಳೆಯ ಚಿತ್ರಗಳು ನಾಲ್ಕು ಮತ್ತು ಐದೇ ಇರಬೇಕು, ಯಾಕೆಂದರೆ ಅವುಗಳಲ್ಲಿ ಹಾಡಿದೆ, ಭಾವಮೈದುನನ ಬುದ್ಧಿವಂತಿಕೆಯೂ ಇದೆ ಎಂದ. ಆ ಹೆಂಗಸು ದೋಣಿಯನ್ನು ಗೂಟಕ್ಕೆ ಕಟ್ಟಿದ್ದು ನಾಳೆ ಅದನ್ನು ಮಾರುವ ಯೋಚನೆಯಿಂದ ಎಂದ. ಗೂಟದ ಮಾತು ಬಂದಾಗ ಇಂಟರ್ವಲ್ ನಿಂತುಬಿಟ್ಟ, ಹೆಂಡತಿ ತೋಳು ಹಿಡಿದು ಮುಂದಕ್ಕೆ ನಡೆಸಿದಳು. ಅವಳು ತಮ್ಮನ ಒಂದೊಂದು ಮಾತಿಗೂ ಹೌದಲ್ಲ ಎನ್ನುತ್ತ, ಆಮೇಲೆ ಎನ್ನುತ್ತ ಬರುತ್ತಿದ್ದಳು. ಊಟಕ್ಕೆ ಕೂತಾಗಲೂ ಅದೇ ಮಾತು. ಅನ್ನ ಆರುತ್ತಿದ್ದರೂ ಅವಳು ಬಡಿಸುವುದನ್ನು ಮರೆತು ಕೇಳುತ್ತಿದ್ದಳು.

"ನೀವು ಇಷ್ಟು ವರ್ಷ ಹೇಳಿದ್ದು ಒಂದೂ ತಲೆಗೆ ಹೋಗಿರಲಿಲ್ಲ ರೀ" ಎಂದಳು ಗಂಡನಿಗೆ. "ಇವನು ನೋಡಿ, ಒಂದೇ ದಿನದಲ್ಲಿ ಎಷ್ಟು ಅರ್ಥ ಆಗೋ ಹಾಗೆ ಹೇಳ್ತಾನೆ."

ಭಾವಮೈದುನ ಜೇಬಿನಿಂದ ಟಿಕೆಟ್ಟುಗಳನ್ನು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟ. ಈ ವಾರ ಇನ್ನೂ ಬರಲಿರುವ ಗುರುಗಳ ಅಷ್ಟೂ ಚಿತ್ರಗಳಿಗೆ ಮೂರು ಮೂರು ತಂದಿದ್ದನಂತೆ, ಅಕ್ಕಪಕ್ಕದ ಸೀಟು, ಭಾವ ನಡುವೆ. ನೋಡಿ ಬಂದ ಮೇಲೆ ದಿನವೂ ಊಟದ ಹೊತ್ತಿಗೆ ಒಂದೊಂದಾಗಿ ವಿವರಿಸುತ್ತಾನಂತೆ, ಭಾವ ಸುಮ್ಮನೆ ಕೇಳಿದರೆ ಸಾಕಂತೆ. ಇಂಟರ್ವಲ್ ಬಾಯಿ ತೆರೆದ. ಹೆಂಡತಿ ಸೌಟನ್ನು ಮೇಲಕ್ಕೆತ್ತಿದಳು. ಅವನು ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿಕೊಂಡು, ಆರಿದ ಅನ್ನವನ್ನು ಕಲಸತೊಡಗಿದ.